ಒಂದು, ಎರಡು, ಮೂರು, ಬಿಗಿ

ಹಾಸಿಗೆ ಹೊಲಿಯುವುದು ಇಬ್ಬರ ಕೆಲಸ. ಒಬ್ಬರು ಮೇಲಿನಿಂದ ಉದ್ದ ಸೂಜಿಯನ್ನು ಇಳಿಸಬೇಕು, ಇನ್ನೊಬ್ಬರು ಚೌಕಟ್ಟಿನ ಕೆಳಗೆ ಕುಳಿತು ಅದನ್ನು ಹಿಡಿದು ತಿರುಗಿಸಿ ಮೇಲಕ್ಕೆ ಕಳಿಸಬೇಕು. ನಡುವೆ ಒಂದು ಗೇಣು ಹತ್ತಿ. ಒಬ್ಬರ ಮುಖ ಒಬ್ಬರಿಗೆ ಕಾಣದು. ಆದ್ದರಿಂದ ಬಾಯಲ್ಲಿ ಎಣಿಕೆ ಇರಲೇಬೇಕು. ಒಂದು ಎಂದರೆ ಸೂಜಿ ಇಳಿಯಿತು, ಎರಡು ಎಂದರೆ ಕೆಳಗಿನವರು ಹಿಡಿದರು, ಮೂರು ಎಂದರೆ ಮೇಲೆ ಬಂತು. ನಾಲ್ಕು ಎನ್ನುವ ಜಾಗದಲ್ಲಿ 'ಬಿಗಿ' ಎನ್ನಬೇಕು. ಆಗ ಇಬ್ಬರೂ ಒಟ್ಟಿಗೆ ದಾರ ಎಳೆಯುತ್ತಾರೆ. ಒಬ್ಬರು ಆತುರಪಟ್ಟರೆ ಸೂಜಿ ಇನ್ನೊಬ್ಬರ ಅಂಗೈಗೆ.

ಬೀದಿಯವರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದ ಹಾಸಿಗೆ ಅಂಗಡಿಯ ಯಜಮಾನರು ಇದನ್ನು ತಮ್ಮ ತಂದೆಯಿಂದ ಕಲಿತಿದ್ದರು. ತಮ್ಮ ಇಬ್ಬರು ಗಂಡುಮಕ್ಕಳಿಗೂ ಕಲಿಸಲು ಹೊರಟರು. ದೊಡ್ಡವನು ಒಂದು ತಿಂಗಳೂ ಚೌಕಟ್ಟಿನ ಕೆಳಗೆ ಕುಳಿತವನಲ್ಲ. ಮೂಗಿಗೆ ಹತ್ತಿ ಹೋಗುತ್ತದೆ ಎಂದ, ಎದ್ದ, ಗಿಟಾರ್ ಹಿಡಿದ. ಚಿಕ್ಕವನು ಕುಳಿತ.

ದೊಡ್ಡವನ ಬ್ಯಾಂಡ್ ಹುಟ್ಟಿದ್ದು ಅದೇ ಅಂಗಡಿಯ ಹಿಂದಿನ ಗೋದಾಮಿನಲ್ಲಿ. ಸೂರಿನ ತನಕ ಒಟ್ಟಿದ ಹತ್ತಿಮೂಟೆಗಳು ಎಷ್ಟು ಗದ್ದಲವನ್ನಾದರೂ ನುಂಗಿಕೊಳ್ಳುತ್ತಿದ್ದವು. ದೊಡ್ಡವನು ಹಾಡು ಬರೆದು ಹಾಡುವವನು, ಚಿಕ್ಕವನು ಡ್ರಮ್ಸ್ ಬಾರಿಸುವವನು. ಜೊತೆಗೆ ಬೇಕರಿಯಲ್ಲಿ ಕೆಲಸಕ್ಕಿದ್ದ ಒಬ್ಬ, ಇನ್ನೊಬ್ಬ ಜಡೆಗೂದಲಿನವನು. ತಮ್ಮ ಸಂಗೀತವನ್ನು ಅವರು ಪಂಕ್ ಎನ್ನುತ್ತಿದ್ದರು. ಮೇಸ್ತ್ರಿಯ ಕಿವಿಗೆ ಅದು ಮೆಟ್ಟಿಲ ಮೇಲಿಂದ ತಗಡಿನ ಡಬ್ಬಿಗಳು ಉರುಳಿದ ಹಾಗೆ ಕೇಳಿಸುತ್ತಿತ್ತು. ಆದರೆ ಆ ಅರಚಾಟದ ಒಳಗೆಲ್ಲೋ ಒಂದು ಸಿಹಿಯಾದ ರಾಗ ಇರುತ್ತಿತ್ತು. ಮರುದಿನ ಬಟ್ಟೆ ಕತ್ತರಿಸುವಾಗ ಅದು ತಮ್ಮ ಬಾಯಿಗೇ ಬಂದುಬಿಟ್ಟು ಮೇಸ್ತ್ರಿ ನಾಚಿಕೊಳ್ಳುತ್ತಿದ್ದರು. ಹುಡುಗನಿಗೆ ದೇವರು ಕೊಟ್ಟಿದ್ದ, ಸುಳ್ಳು ಹೇಳಬಾರದು.

ಬ್ಯಾಂಡಿಗೆ 'ಹರಕು ಹಾಸಿಗೆ' ಎಂದು ಹೆಸರಿಟ್ಟಾಗ ಮಾತ್ರ ಅವರು ಎರಡು ದಿನ ಮಾತು ಬಿಟ್ಟಿದ್ದರು.

"ಮೂವತ್ತು ವರ್ಷದಲ್ಲಿ ಒಂದು ಹೊಲಿಗೆ ಬಿಟ್ಟವನಲ್ಲ ನಾನು. ಊರು ತುಂಬ ಹರಕು ಅಂತ ಚೀಟಿ ಅಂಟಿಸ್ತಿದೀರಲ್ರೋ."

"ಹರಕು ಅಂದ್ರೆ ತಾನೇ ಅಪ್ಪ, ಹೊಸದು ಕೊಳ್ಳೋಕೆ ಬರೋದು," ಎಂದಿದ್ದ ಚಿಕ್ಕವನು.

ದೊಡ್ಡವನಿಗೆ ಒಂದು ದೋಷವಿತ್ತು. ಹಾಡು ಅವನದೇ ಆದರೂ ಅದನ್ನು ಶುರುಮಾಡಲು ಅವನಿಗೆ ಬರುತ್ತಿರಲಿಲ್ಲ, ಮುಗ್ಗರಿಸುತ್ತಿದ್ದ. ಆಗ ಚಿಕ್ಕವನು ಕೋಲಿಗೆ ಕೋಲು ತಟ್ಟಿ ತನಗೆ ಗೊತ್ತಿದ್ದ ಎಣಿಕೆಯನ್ನೇ ಕೂಗಿದ. ಒಂದು, ಎರಡು, ಮೂರು, ಬಿಗಿ. ನಾಲ್ವರೂ ಒಟ್ಟಿಗೆ ಎತ್ತಿಕೊಂಡರು. ಅಂದಿನಿಂದ ಪ್ರತಿ ಹಾಡಿನ ಬಾಗಿಲೂ ಅದೇ ಆಯಿತು. ಹಾಸಿಗೆಯ ಸೂಜಿಯನ್ನು ಕಣ್ಣಲ್ಲಿ ಕಾಣದ ಜನ ಸಭಾಂಗಣದಲ್ಲಿ ನಿಂತು 'ಬಿಗಿ' ಎಂದು ಗಂಟಲು ಹರಿದುಕೊಳ್ಳುತ್ತಿದ್ದರು.

ಮೊದಲ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ನಾಲ್ಕು ಹೆಸರಿದ್ದವು. ನೂರಿನ್ನೂರು ನಕಲು ಮಾಡಿ ಕೈಯಿಂದ ಕೈಗೆ ಮಾರಿದರು. ಎರಡನೆಯದು ಬರುವಷ್ಟರಲ್ಲಿ ಹೆಸರು ಮೂರಾಗಿತ್ತು. ಜಡೆಗೂದಲಿನವನು ತನ್ನದೂ ಒಂದು ಹಾಡು ಸೇರಿಸೋಣ ಎಂದು ಕೇಳಿದ್ದೇ ತಪ್ಪಾಯಿತು. ಬೇಕರಿಯವನು ತನ್ನ ಮದುವೆಗೆಂದು ಎರಡು ದಿನ ರಜೆಯಲ್ಲಿ ಹೋಗಿ ಬಂದ. ಅವನ ಜಾಗದಲ್ಲಿ ಬೇರೊಬ್ಬ ನಿಂತಿದ್ದ. ಆಮೇಲೆ ದೊಡ್ಡ ಕಂಪನಿಯೊಂದು ಕರೆಯಿತು. ಆಗ ದೊಡ್ಡವನು ತಮ್ಮನ ಬಳಿಗೆ ಹೋಗಲಿಲ್ಲ, ಅಂಗಡಿಗೆ ಬಂದು ಅಪ್ಪನ ಎದುರು ಕುಳಿತ. ಚಿಕ್ಕವನಿಗೆ ಎದೆಯಲ್ಲಿ ಕಫ ಕಟ್ಟಿ ಕೆಮ್ಮು ಹಿಡಿದಿತ್ತು, ವೇಗದ ಹಾಡಿನಲ್ಲಿ ಉಸಿರು ಸೋಲುತ್ತಿತ್ತು. ಅದು ನಿಜವೇ.

"ಬ್ಯಾಂಡ್ ಬಿಡು ಅಂತ ನೀನೇ ಹೇಳಪ್ಪ ಅವನಿಗೆ. ನಾನು ಹೇಳಿದ್ರೆ ಜಗಳ ಆಗತ್ತೆ."

ಮೇಸ್ತ್ರಿ ಹೇಳಿದರು. ಯಾಕೆ ಹೇಳಿದರು ಎಂಬುದನ್ನು ಅವರು ಬೇರೆ ಯಾರಿಗೂ ತಿಳಿಸಿಲ್ಲ, ದೇವರ ಮುಂದೆ ಮುಚ್ಚಿಟ್ಟೂ ಇಲ್ಲ. ಅಂಗಡಿಯಲ್ಲಿ ಚೌಕಟ್ಟಿನ ಕೆಳಗೆ ಕೂರಲು ಆಳಿರಲಿಲ್ಲ. ದೊಡ್ಡವನಿಗೆ ಹೆಸರು ಬರಲಿ, ಚಿಕ್ಕವನು ಮನೆಗೆ ಬರಲಿ ಎಂದು ಅವರು ವರ್ಷಗಟ್ಟಲೆ ಬೇಡಿಕೊಂಡಿದ್ದರು. ಎರಡೂ ಒಂದೇ ದಿನ ಕೈಗೂಡಿತ್ತು.

"ಅಣ್ಣ ಬೆಳೀಲಿ ಬಿಡೋ. ನೀನು ಅಂಗಡಿಗೆ ಬಾ."

ಚಿಕ್ಕವನು ಕೈಯಲ್ಲಿದ್ದ ಕೋಲುಗಳನ್ನು ಸ್ವಲ್ಪ ಹೊತ್ತು ನೋಡಿದ. "ಆಯ್ತಪ್ಪ," ಎಂದ. ಕೋಲುಗಳನ್ನು ದಾರದ ಉಂಡೆಗಳ ಬುಟ್ಟಿಯಲ್ಲಿ ಹಾಕಿದ.

ಹನ್ನೊಂದು ವರ್ಷ ಆ ಹತ್ತಿಯ ಧೂಳಿನ ಕೆಳಗೆ ಕುಳಿತ. ಕೆಮ್ಮು ಅವನನ್ನು ಬಿಡಲಿಲ್ಲ, ಅವನು ಅಂಗಡಿಯನ್ನು ಬಿಡಲಿಲ್ಲ. ಹೋದ ವರ್ಷ ಮೇಸ್ತ್ರಿ ಮಗನನ್ನು ಮಣ್ಣಿಗೆ ಕೊಟ್ಟು ಬಂದರು. ದೊಡ್ಡವನಿಗೆ ಎಲ್ಲೋ ದೂರದಲ್ಲಿ ಕಾರ್ಯಕ್ರಮವಿತ್ತಂತೆ. ನಾಲ್ಕನೆಯ ದಿನ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಅರ್ಧ ಗಂಟೆ ಕುಳಿತು ಹೋದ.

ಚೌಕಟ್ಟಿನ ಕೆಳಗಿನ ಜಾಗಕ್ಕೆ ಚಿಕ್ಕವನ ಹೆಂಡತಿ ಬಂದಳು. ಬೇಡಮ್ಮ ಎಂದರೂ ಕೇಳಲಿಲ್ಲ; ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುಳಿತಳು. ಮಾರಿದ ಕ್ಯಾಸೆಟ್ಟುಗಳಲ್ಲಿ ಎಣಿಕೆಯನ್ನು ಕತ್ತರಿಸಿ ಹಾಡನ್ನಷ್ಟೇ ಉಳಿಸಿದ್ದರು. ಅವನ ದನಿಯೆಂದು ಉಳಿದಿದ್ದು ಒಂದೇ: ಮೊದಲ ಕ್ಯಾಸೆಟ್ಟಿಗೆ ಗೋದಾಮಿನಲ್ಲಿ ಮಾಡಿದ ಅಸಲು ಟೇಪು. ಅದರಲ್ಲಿ ಹಾಡಿಗೆ ಮೊದಲು ಒಂದು ಚಿಕ್ಕ ನಗು, ಒಂದು ಕೆಮ್ಮು, ಆಮೇಲೆ ಎಣಿಕೆ. ವಾರಕ್ಕೊಮ್ಮೆ, ಅಂಗಡಿಗೆ ರಜೆ ಇದ್ದ ದಿನ, ಮಾವ ಸೊಸೆ ಇಬ್ಬರೂ ಕುಳಿತು ಅಷ್ಟನ್ನು ಮಾತ್ರ ಕೇಳಿ, ಹಾಡು ಶುರುವಾಗುವ ಮೊದಲೇ ನಿಲ್ಲಿಸಿಬಿಡುತ್ತಿದ್ದರು.

ಆ ಟೇಪಿಗಾಗಿ ದೊಡ್ಡವನು ಬಂದ. ಮೊದಲ ಹಾಡುಗಳಿಗೆ ಇಪ್ಪತ್ತು ವರ್ಷ ತುಂಬಿತ್ತು, ಅವನ್ನು ಹೊಸದಾಗಿ ಹೊರತರುತ್ತಿದ್ದ. ತಮ್ಮನ ದನಿಯಿಂದಲೇ ಆಲ್ಬಮ್ ಶುರುವಾಗುತ್ತದೆ, ಲೋಕವೆಲ್ಲ ಕೇಳುತ್ತದೆ ಎಂದ.

ಸೊಸೆ ಮಾವನನ್ನು ಒಳಗೆ ಕರೆದು ಹೇಳಿದಳು. "ಮಾವ, ಒಂದು ನಕಲು ತೆಗೆಸಿಕೊಂಡು ಆಮೇಲೆ ಕೊಡೋಣ."

ಹೊರಗಿದ್ದವನಿಗೆ ಅದು ಕೇಳಿಸಿತು. "ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವೇನಮ್ಮ?" ಎಂದು ನಕ್ಕ.

ಮೇಸ್ತ್ರಿಗೆ ಮುಖ ಸಣ್ಣದಾಯಿತು. ಹೆತ್ತ ಮಗನ ಹತ್ತಿರ ರಸೀದಿ ಕೇಳಿದಂತಾಯಿತು ಎನಿಸಿತು. ಒಡಹುಟ್ಟಿದವನಲ್ಲವೇ, ಮನೆಯವರ ನಡುವೆ ಅಸಲೇನು ನಕಲೇನು ಎಂದು ಸೊಸೆಯನ್ನೇ ಗದರಿ, ಹೊಸ ಪಟ್ಟೆಬಟ್ಟೆಯ ತುಂಡಿನಲ್ಲಿ ಟೇಪನ್ನು ಸುತ್ತಿ ಕೊಟ್ಟರು.

ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಹೊಸ ಆಲ್ಬಮ್ಮಿನ ಪೊಟ್ಟಣ ಬಂತು. ಹೊಳೆಯುವ ಹೊದಿಕೆ, ಅದರ ಮೇಲೆ ಒಂದೇ ಹೆಸರು. ಅರ್ಧ ಹೊಲಿದ ಹಾಸಿಗೆಯನ್ನು ಚೌಕಟ್ಟಿನ ಮೇಲೆ ಹಾಗೆಯೇ ಬಿಟ್ಟು ಸೊಸೆ ಕೈ ಒರೆಸಿಕೊಂಡು ಬಂದು ಹಾಕಿದಳು. ನಗು ಬರಲಿಲ್ಲ, ಕೆಮ್ಮು ಬರಲಿಲ್ಲ. ಒಂದು, ಎರಡು, ಮೂರು, ಬಿಗಿ.

ದೊಡ್ಡವನ ದನಿ.

ಮೇಸ್ತ್ರಿಗೆ ದನಿ ಗುರುತಿಸುವ ಅಗತ್ಯವೇ ಬೀಳಲಿಲ್ಲ. ದಾರ ಎಳೆದು ರೂಢಿಯಿದ್ದವರು 'ಬಿಗಿ' ಎನ್ನುವಾಗ ಉಸಿರನ್ನು ಒಳಗೆ ಸೆಳೆದುಕೊಳ್ಳುತ್ತಾರೆ. ಇದು ಯಾರಿಗೋ ಅಪ್ಪಣೆ ಕೊಟ್ಟ ಹಾಗಿತ್ತು.

ಸೊಸೆ ನಿಲ್ಲಿಸಿದಳು. ನಾನು ಹೇಳಿರಲಿಲ್ಲವೇ ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ಮೇಸ್ತ್ರಿಗೆ ಹಗುರವಾಗುತ್ತಿತ್ತು. ಅವರು ಫೋನ್ ಮಾಡಿದರು.

"ಟೇಪು ಬೂಷ್ಟು ಹಿಡಿದಿತ್ತಪ್ಪ," ಎಂದ ದೊಡ್ಡವನು. "ಮೆಷಿನ್ನಿಗೆ ಹಾಕಿದ ಕೂಡ್ಲೇ ತುಂಡಾಗ್ಹೋಯ್ತು."

"ಕೊಡೋ ಹಿಂದಿನ ದಿನ ಕೇಳಿದ್ವಲ್ಲೋ. ಚೆನ್ನಾಗೇ ಇತ್ತು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಚಿಕ್ಕಂದಿನಲ್ಲಿ ಕಿಟಕಿಯ ಗಾಜು ಒಡೆದು, ಗಾಳಿಗೆ ಒಡೆಯಿತು ಎಂದು ಸುಳ್ಳು ಹೇಳುವ ಮುಂಚೆಯೂ ಆ ಹುಡುಗ ಹೀಗೆಯೇ ಸುಮ್ಮನಿರುತ್ತಿದ್ದ.

"ಈ ಸಲ ಎಲ್ಲ ವಾದ್ಯನೂ ನಾನೇ ಬಾರ್ಸಿದೀನಪ್ಪ. ಅದರ ಮಧ್ಯ ಅದೊಂದು ಬೇರೆಯವರ ದನಿ ಇದ್ದಿದ್ರೆ ಹೊಂದ್ತಿರಲಿಲ್ಲ."

"ಬೇರೆಯವರು," ಎಂದರು ಮೇಸ್ತ್ರಿ. ಆಮೇಲೆ, "ತುಂಡಾಗಿದ್ದನ್ನಾದ್ರೂ ಕಳಿಸು."

"ಸ್ಟುಡಿಯೋದವರು ಎಸೆದ್ಬಿಟ್ರಪ್ಪ."

ಫೋನ್ ಕೆಳಗಿಟ್ಟು ಮೇಸ್ತ್ರಿ ಗೋಡೆಯ ಕಡೆ ತಿರುಗಿ ನಿಂತರು. ಸಂಕಟ ಬಂದಾಗ ಪ್ರಾರ್ಥಿಸುವುದು ಅವರ ವಾಡಿಕೆ. ದೊಡ್ಡವನ ಹೆಸರು ಮೊದಲು, ಚಿಕ್ಕವನ ಹೆಸರು ಆಮೇಲೆ, ಸತ್ತ ಮೇಲೂ ಆ ಸಾಲು ತಪ್ಪಿರಲಿಲ್ಲ. ಈಗ ತುಟಿ ಮೊದಲ ಹೆಸರಿನಲ್ಲೇ ನಿಂತಿತು. ಅವನಿಗೆ ಇನ್ನೇನನ್ನು ಬೇಡುವುದು? ಬೇಡಿದ್ದನ್ನೆಲ್ಲ ದೇವರು ಒಂದೂ ಬಿಡದೆ ಕೊಟ್ಟಿದ್ದ. ತಮ್ಮನನ್ನು ಬ್ಯಾಂಡಿನಿಂದ ತೆಗೆದವನು ದೊಡ್ಡವನೊಬ್ಬನೇ ಅಲ್ಲ. ಆ ದಿನ ಅವನ ಮಾತಿಗೆ ಬಾಯಾದವರು ಯಾರು, ಈ ಸಲ ಟೇಪನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟವರು ಯಾರು ಎಂಬುದೂ ದೇವರಿಗೆ ಗೊತ್ತಿತ್ತು. ಮೇಸ್ತ್ರಿ ಪ್ರಾರ್ಥನೆಯನ್ನು ಅಲ್ಲಿಗೇ ಬಿಟ್ಟು ಚೌಕಟ್ಟಿನ ಬಳಿಗೆ ಬಂದರು. ಹಾಸಿಗೆ ಸಂಜೆಯೊಳಗೆ ಹೋಗಬೇಕಿತ್ತು.

ಸೊಸೆ ಆಗಲೇ ಕೆಳಗೆ ಕುಳಿತಿದ್ದಳು. ಸೂಜಿ ಇಳಿಯಿತು. ಅವಳು ಹಿಡಿದಳು. ಮೇಲೆ ಬಂತು. ಹತ್ತಿಯ ಆ ಬದಿಯಲ್ಲಿ ಅವಳು ದಾರ ಹಿಡಿದು ಕಾಯುತ್ತಿದ್ದಳು.

"ಮಾವ, ನೀವು ಹೇಳಿಲ್ಲ."

"ಇನ್ಮೇಲೆ ಕೈಯಲ್ಲೇ ತಿಳ್ಕೋಮ್ಮ," ಎಂದರು ಮೇಸ್ತ್ರಿ. "ಬಾಯಲ್ಲಿ ಅಂದಿದ್ದನ್ನ ಎತ್ಕೊಂಡು ಹೋಗ್ತಾರೆ."

ಅವರು ಎಳೆದರು. ಅವಳಿಗೆ ಅರ್ಧ ಕ್ಷಣ ತಡವಾಗಿ ಗೊತ್ತಾಯಿತು, ಹೊಲಿಗೆ ಸಡಿಲವಾಯಿತು. ಮೇಸ್ತ್ರಿ ಕತ್ತರಿ ತೆಗೆದುಕೊಂಡು ಅದನ್ನು ಬಿಚ್ಚಿ, ಎಣಿಕೆಯಿಲ್ಲದೆ ಮತ್ತೆ ಸೂಜಿ ಇಳಿಸಿದರು.