ಹೆರಿಗೆ ಮನೆಯ ತಾಮ್ರದ ಪೀಪಾಯಿ

ಶಿಕಾರಿಪುರದ ಸಾವ್ಕಾರ ಪರಮಶಿವಪ್ಪನವರು ಸೊರಬದಲ್ಲಿದ್ದ ತಮ್ಮ ಹಳೆಯ ಮನೆಯನ್ನು ಹೆರಿಗೆ ಮನೆಗೆಂದು ಬಿಟ್ಟುಕೊಟ್ಟಾಗ ನರ್ಸ್ ವರದಮ್ಮ ಕೇಳಿದ್ದು ಒಂದೇ: ನಲ್ಲಿ ತಿರುಗಿಸಿದರೆ ಬಿಸಿನೀರು ಬರಬೇಕು. ಹನ್ನೊಂದು ವರ್ಷ ಅವರು ಊರೂರು ತಿರುಗಿ ಹೆರಿಗೆ ಮಾಡಿಸಿದ್ದರು. ಹಿತ್ತಲ ಒಲೆಯಿಂದ ಕುದಿನೀರು ಹೊತ್ತು ತರುವಾಗ ಒಮ್ಮೆ ಕಾಲು ಜಾರಿ ಎಡಗೈ ಮೊಣಕೈವರೆಗೆ ಬೆಂದಿತ್ತು.

ಐವತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ತಾಮ್ರದ ಪೀಪಾಯಿ ಲಾರಿಯಲ್ಲಿ ಬಂತು. ಹೆಚ್ಚುಕಡಿಮೆ ಆಳೆತ್ತರ, ಎಂಬತ್ತು ಗ್ಯಾಲನ್ ನೀರು ಹಿಡಿಯುವಂಥದ್ದು. ಕೈಪಂಪಿನಿಂದ ತುಂಬಿಸಿದ ನೀರು ಹಿತ್ತಲ ಒಲೆಯಲ್ಲಿ ಕಾದು, ಕೊಳವೆಯೊಳಗೆ ತಾನಾಗಿ ಮೇಲೇರಿ, ಅಟ್ಟದ ಮೇಲಿನ ಈ ಪೀಪಾಯಿಯಲ್ಲಿ ತುಂಬಿಕೊಂಡು, ಅಲ್ಲಿಂದ ನಲ್ಲಿಗಳಿಗೆ ಇಳಿಯಬೇಕು. ಕೊಳವೆ ಕೆಲಸಕ್ಕೆ ಶಿಕಾರಿಪುರದ ರಾಜಪ್ಪ ಮೇಸ್ತ್ರಿ ಬಂದಿದ್ದ. ಮರದ ಕೆಲಸಕ್ಕೆ ಉಳವಿಯ ಬಡಗಿ ಜಟ್ಟಪ್ಪ.

ರಾಜಪ್ಪ ಗುರುತು ಮಾಡಿದ್ದು ಅಟ್ಟದ ನಟ್ಟನಡುವೆ. ಅದರ ಕೆಳಗೇ ಹೆರಿಗೆ ಕೋಣೆ. ಕೊಳವೆಗಳನ್ನು ಆ ಅಳತೆಗೇ ಕತ್ತರಿಸಿ ತಂದಿದ್ದ. ಜಟ್ಟಪ್ಪ ಅಟ್ಟ ಹತ್ತಿ, ಒಂದೊಂದು ಜಂತಿಯನ್ನೂ ಉಳಿಯ ಹಿಡಿಯಿಂದ ತಟ್ಟಿ ನೋಡಿ ಕೆಳಗಿಳಿದ.

“ಇಲ್ಲಿ ಬ್ಯಾಡ ಮೇಸ್ತ್ರಿಗಳೆ. ಜಂತಿ ತಡೆಯಲ್ಲ.”

“ಇಪ್ಪತ್ತು ಚೀಲ ಭತ್ತ ಇಡ್ತಿದ್ರಂತಲ್ರೀ ಈ ಅಟ್ಟದ ಮ್ಯಾಲೆ?” ಎಂದ ರಾಜಪ್ಪ.

“ಅದು ಅಟ್ಟದ ತುಂಬ ಹರಡಿ ಮಲಗಿತ್ತು. ಇದು ಒಂದೇ ಕಡೆ ನಿಲ್ತದೆ. ಒಂದು ಗ್ಯಾಲನ್ ನೀರು ಹತ್ತು ಪೌಂಡು. ಪೀಪಾಯಿದೂ ಸೇರಿಸಿದ್ರೆ ಆರು ಚೀಲದ ಭಾರ, ಮೊಳ ಅಗಲದ ಜಾಗದಲ್ಲಿ.”

ಜಟ್ಟಪ್ಪ ಹರೆಯದಲ್ಲಿ ಅಂಜನಾಪುರದ ಜಲಾಶಯದ ಕೆಲಸಕ್ಕೆ ಹೋಗಿ ಮೂರು ವರ್ಷ ಭಾರ ತಡೆಯುವ ಆನಿಕೆ ಮರಗಳನ್ನು ನಿಲ್ಲಿಸಿದವನು. ನೀರಿನ ತೂಕದ ವಿಷಯದಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ರಾಜಪ್ಪನೂ ಸೋಲುವವನಲ್ಲ. ಶುಕ್ರವಾರ ಪರಮಶಿವಪ್ಪನವರು ಬಾಗಿಲು ತೆರೆಯಲು ಬರುವವರಿದ್ದರು, ಉಳಿದಿದ್ದು ನಾಲ್ಕೇ ದಿನ.

ವರದಮ್ಮ ಇಬ್ಬರ ಮಾತನ್ನೂ ಕೇಳಿಸಿಕೊಂಡರು. “ಜಟ್ಟಪ್ಪ, ನಂಗೆ ಕಣ್ಣಿಗೆ ಕಾಣೋ ಹಾಗೆ ತೋರಿಸು,” ಎಂದರು.

“ತೋರಿಸ್ತೀನಿ ಅಮ್ಮಾರೆ.”

ಅವನು ಒಂದು ಬಿದಿರು ಗಳುವನ್ನು ಕತ್ತರಿಸಿ ಹೆರಿಗೆ ಕೋಣೆಯ ನೆಲದ ಮೇಲೆ, ಬುಡಕ್ಕೆ ಕಲ್ಲು ಒತ್ತಿ, ನೆಟ್ಟಗೆ ನಿಲ್ಲಿಸಿದ. ಅದರ ತುದಿಗೂ ಮೇಲಿನ ಜಂತಿಗೂ ನಡುವೆ ಒಂದು ಬೆರಳಿನಷ್ಟು ಸಂದು. ಪಕ್ಕದ ಮನೆಯಿಂದ ಭತ್ತದ ಚೀಲ ತರಿಸಿ, ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸಿ, ಅಟ್ಟ ಹತ್ತಿ ಗುರುತಿನ ಮೇಲೆ ಒಂದರ ಮೇಲೊಂದು ಪೇರಿಸತೊಡಗಿದ. ವರದಮ್ಮ, ರಾಜಪ್ಪ ಬಾಗಿಲಲ್ಲಿ ನಿಂತು ನೋಡಿದರು. ಎರಡನೆಯ ಚೀಲಕ್ಕೆ ಸಂದು ಅರ್ಧವಾಯಿತು. ನಾಲ್ಕನೆಯದಕ್ಕೆ ಜಂತಿ ಬಂದು ಗಳುವಿನ ಮೇಲೆ ಕೂತಿತು. ಎಲ್ಲೋ ಮರ ಕಿರ್ ಎಂದಿತು.

“ಸಾಕು, ಇಳಿಸು,” ಎಂದ ರಾಜಪ್ಪನೇ.

ಅವನು ಒಳಗೆ ಹೋಗಿ ಗಳುವನ್ನು ಅಲ್ಲಾಡಿಸಿ ನೋಡಿದ. ಅದು ಅಲುಗಲಿಲ್ಲ. “ಜಾಗ ಬದಲು ಮಾಡಿದ್ರ ಪೈಪು ಸಾಲೂದಿಲ್ಲ,” ಎಂದ ಮೆತ್ತಗೆ.

“ತಂದ್ಕೊಂಡು ಬನ್ನಿ. ಬಾಗಿಲು ತೆರೆಯೋದು ಮುಂದಿನ ಶುಕ್ರವಾರ ಆಗ್ಲಿ,” ಎಂದರು ವರದಮ್ಮ. “ನೋವು ತಿನ್ನೋಳು ತಲೆ ಮೇಲೆ ಏನಿದೆ ಅಂತ ಯೋಚನೆ ಮಾಡೋ ಹಾಗೆ ಆಗಬಾರ್ದು. ತಡ ಆಗ್ತದೆ ಅಂತ ಸಾವ್ಕಾರ್ರಿಗೆ ನಾನು ಕಾಗದ ಬರೀತೀನಿ.”

ರಾಜಪ್ಪ ಮರುದಿನದ ಬಸ್ಸಿಗೆ ಶಿಕಾರಿಪುರಕ್ಕೆ ಹೋದ. ಜಟ್ಟಪ್ಪ ಅಡುಗೆಮನೆಗೂ ಹೆರಿಗೆ ಕೋಣೆಗೂ ನಡುವಿನ ಓಡಾಡುವ ಒಳಹಾದಿಯನ್ನು ಪೀಪಾಯಿಗೆ ಆರಿಸಿಕೊಂಡ. ಐದಡಿ ಅಗಲ, ಎರಡು ಕಡೆಯೂ ದಪ್ಪ ಕಲ್ಲಿನ ಗೋಡೆ. ಮತ್ತಿ ಮರದ ಎರಡು ತೊಲೆಗಳನ್ನು ಗೋಡೆಯಿಂದ ಗೋಡೆಗೆ ಹಾಕಿ, ತುದಿಗಳ ಅಡಿಗೆ ಚಪ್ಪಡಿ ಕಲ್ಲು ಕೊಟ್ಟ. ಹಳೆಯ ಜಂತಿಗಳಿಗೆ ತಾಗದಂತೆ ತೊಲೆಗಳು ಮೂರು ಬೆರಳು ಎತ್ತರದಲ್ಲೇ ಇದ್ದವು. ಭಾರವೆಲ್ಲ ಗೋಡೆಗೆ ಹೋಗಬೇಕು, ಜಂತಿಗೆ ಏನೂ ಗೊತ್ತಾಗಬಾರದು. ಮೇಲೆ ದಪ್ಪ ಹಲಗೆ ಬಡಿದ. ಗುರುವಾರಕ್ಕೆ ಮರದ ಕೆಲಸ ಮುಗಿಯಿತು.

ರಾಜಪ್ಪ ಹೊಸ ಕೊಳವೆಗಳೊಂದಿಗೆ ಬಂದವನೇ, “ಚೀಲ ಹೇರಿ ನೋಡೂಣ,” ಎಂದ. ಈ ಸಲ ಅವನೂ ಹೆಗಲು ಕೊಟ್ಟ. ಆರರ ಬದಲು ಒಂಬತ್ತು ಚೀಲ ಹೇರಿ, ಒಂದು ಹಗಲು ಪೂರ್ತಿ ಬಿಟ್ಟರು. ತೊಲೆ ಕೂದಲೆಳೆಯಷ್ಟೂ ಬಗ್ಗಲಿಲ್ಲ. ಆಮೇಲೆ ಆರು ಜನ ಹಗ್ಗ ಕಟ್ಟಿ ಪೀಪಾಯಿಯನ್ನು ಮೇಲೆಳೆದರು. ಕೈಪಂಪು ಒತ್ತಿ ತುಂಬಿಸುವಾಗ ಜಟ್ಟಪ್ಪ ಅದರ ಕೆಳಗೇ ಗೋಡೆಗೊರಗಿ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದ.

ಮುಂದಿನ ಶುಕ್ರವಾರ ಪರಮಶಿವಪ್ಪನವರು ಬಂದು, ಕತ್ತೆತ್ತಿ ನೋಡಿ, “ನಡುವೆ ಇಡ್ತೀವಿ ಅಂದಿದ್ರಲ್ಲ?” ಎಂದು ಕೇಳಿದರು.

ರಾಜಪ್ಪ ಮುಂದೆ ಬಂದು ಜಟ್ಟಪ್ಪನ ಕಡೆ ಕೈ ತೋರಿಸಿದ. “ನಾ ತೋರಿಸಿದ ಜಾಗ ತಪ್ಪಿತ್ತು ಸಾವ್ಕಾರ್ರೆ. ಇವ್ರು ಸರಿ ಮಾಡಿದ್ರು.”

ಸೋಮವಾರ ಬೆಳಿಗ್ಗೆ ಗುಡವಿಯಿಂದ ಲೋಕಮ್ಮ ಎಂಬ ಚೊಚ್ಚಲು ಬಸುರಿ ಗಾಡಿಯಲ್ಲಿ ಬಂದಳು, ಜೊತೆಗೆ ಅತ್ತೆ ಗುಡ್ಡಮ್ಮ. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ವರದಮ್ಮ ಬಾಗಿಲಾಚೆ ಹೋಗಲೇ ಇಲ್ಲ. ಕೈಚಾಚಿ ನಲ್ಲಿ ತಿರುಗಿಸಿದರು, ಹಬೆಯಾಡುವ ನೀರು ಬೋಗುಣಿಗೆ ಬಿತ್ತು.

ಗುಡ್ಡಮ್ಮ ನಲ್ಲಿಯನ್ನು ಸುತ್ತಲೂ ನೋಡಿದಳು. “ಒಲೆ ಎಲ್ಲೈತೆ ಅಮ್ಮಾ?”

“ಹಿತ್ತಲಲ್ಲಿ. ನೀರು ತಾನೇ ಬರ್ತದೆ.”

ಗುಡ್ಡಮ್ಮ ಒಂದು ಬೆರಳು ಅದ್ದಿ ಚಟ್ಟನೆ ತೆಗೆದಳು. ಆಮೇಲೆ ಸೆರಗು ಸಿಕ್ಕಿಸಿ, ತಣ್ಣೀರು ಬೆರೆಸಿ, ಕಾಲು ಚಾಚಿ ಕೂತು ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡಳು. “ಇನ್ನೊಂದು ಬೋಗುಣಿ ಬಿಡಮ್ಮ,” ಎಂದಳು. “ನಿಧಾನಕ್ಕೆ ಎರೀತೀನಿ.”