ವಲ್ಲಿಯ ಕೆಳಗೆ
ಹಾಲಿನ ರಸೂಲಬಿ ಇಂದು ಪಾವುಸೇರು ಕಡಿಮೆ ಅಳೆದಳು, ಯಾರೂ ಹೇಳದೆಯೇ, ಈ ಮನೆಯಲ್ಲಿ ಚಹಾ ಕುಡಿಯುವ ಬಾಯಿ ಒಂದು ಕಡಿಮೆಯಾಯಿತೆಂದು ಅವಳಿಗೂ ಗೊತ್ತು, ಶರಣವ್ವ ಪಾತ್ರೆ ಹಿಡಿದು ನಿಂತೇ ಇದ್ದಳು — ಗಂಡನನ್ನು ಮಣ್ಣು ಮಾಡಿ ಬಂದ ನೆಂಟರೆಲ್ಲ ನಿನ್ನೆ ಹೋದರು, ಇಂದು ಬೆಂಗೇರಿಯ ಓಣಿಯಲ್ಲಿ ಎಲ್ಲ ಎಂದಿನಂತೆ, ಗೂಟದಲ್ಲಿ ಹೆಗಲಿಗೆ ಹಾಕುವ ಆ ವಲ್ಲಿ ಮಾತ್ರ, ನೀಲಿ ಅಂಚಿನ ಗರಗದ ಖಾದಿ, ಗಂಡ ಫಕೀರಪ್ಪನದಲ್ಲ, ಅವನ ಪಾಲುದಾರ ನೀಲಕಂಠಪ್ಪನದು, ಹೋದ ವಾರ ಹತ್ತಿ ಪೇಟೆಗೆ ಹೋಗುವಾಗ ತನ್ನದು ಒಣಗಿಲ್ಲವೆಂದು ಎರವಲು ತಂದದ್ದು. ಹೆಗಲ ಮೇಲೆ ವಲ್ಲಿ ಇಲ್ಲದೆ ಅಲ್ಲಿ ವ್ಯಾಪಾರವಿಲ್ಲ, ಮಾರುವವನ ಕೈ, ಕೊಳ್ಳುವವನ ಕೈ ಅದರ ಕೆಳಗೆ, ಹಿಡಿದ ಬೆರಳೇ ದರ, ಮೊದಲ ಹಿಡಿತ ಹತ್ತರದು, ಎರಡನೆಯದು ಬಿಡಿಯದು, ಎಲ್ಲ ನೂರು ರೂಪಾಯಿ ಲೆಕ್ಕದಲ್ಲಿ, ಪಕ್ಕದಲ್ಲಿ ನಿಂತ ಪಾಲುದಾರನಿಗೂ ಬಟ್ಟೆ ಅಲುಗಿದ್ದಷ್ಟೇ ಕಾಣುವುದು, ಆಮೇಲೆ ಬಾಯಿಂದ ಹೇಳಿದ್ದನ್ನು ನಂಬಬೇಕು. ಎಂ.ಎ. ಮಾಡ್ಯಾಳ, ಬೆರಳ ಎಣಿಸಾಕ ಬರೂದಿಲ್ಲ — ಫಕೀರಪ್ಪ ನಕ್ಕಿದ್ದ, ಅದೇ ಸಂಜೆ, ಅಡುಗೆಮನೆಯಲ್ಲಿ, ಇದೇ ವಲ್ಲಿಯ ಕೆಳಗೆ ಅವಳ ಕೈ ಹಿಡಿದು, ಮೊದಲು ನಾಲ್ಕು ಬೆರಳು, ಬಿಟ್ಟು, ಆಮೇಲೆ ಐದೂ, ನಾಲ್ವತ್ತೈದಕ್ಕ ಹೋತ ನೋಡ ಹತ್ತಿ, ಅಂಗೈ ಬೆಚ್ಚಗಿತ್ತು, ಅರ್ಧ ತಾಸಿನ ಮೇಲೆ ಪಡಸಾಲೆಯಲ್ಲಿ ನೀಲಕಂಠಪ್ಪನಿಗೆ ನಾಲ್ವತ್ತೆರಡಕ್ಕ ಮುಗೀತು ಅಂದ, ಅವಳು ಚಹಾ ಬಸಿಯುತ್ತಿದ್ದಳು, ಬಸಿದು ಇಬ್ಬರ ಮುಂದೂ ಇಟ್ಟಳು. ಆತ ಹೋದಮೇಲೆ ಫಕೀರಪ್ಪ ಅವಳಿಗೆ, ನಾ ಜ್ವರದಾಗ ಬಿದ್ದಾಗ ಗದಗಿನ ಗಿರಾಕೀನ್ನ ತನ್ನ ಕಡೆ ಎಳಕೊಂಡಾಂವ ಅಂವಾ, ಮೊದಲ ಅಂವಾ ಮಾಡ್ಯಾನ — ಅದೂ ಖರೆಯೇ. ಮರುದಿನ ಆ ಗಿರಾಕಿಯನ್ನು ಗುಟ್ಟಾಗಿ ತಿರುಗಿ ಹಿಡಿಯಲೆಂದೇ ಪಾಲುದಾರನಿಗೆ ಗರಗಕ್ಕೆ ಎಂದು ಹೇಳಿ ಗದಗಿನ ರಸ್ತೆಗೆ ಸೈಕಲ್ ತಿರುಗಿಸಿದ, ಲಾರಿಗೆ ಸಿಕ್ಕ.

ತಂಗೀ, ಅದೀಯೇನವಾ. ನೀಲಕಂಠಪ್ಪ, ಕಟ್ಟೆಯ ಮೇಲೆ ಕೂತ, ಗರಗಕ್ಕ ಹೊಂಟಾಂವ ಗದಗಿನ ದಾರ್ಯಾಗ ಹೆಂಗ ಸಿಕ್ಕಾ ಅಂತ ತಿಳೀವಲ್ದು, ಇರ್ಲಿ, ಅವನ ಪಾಲು ಇನ್ನ ಮ್ಯಾಲ ನಿಂದು, ಅಂವಾ ನನಗ ಒಂದೂ ಸುಳ್ಳ ಹೇಳಿದಾಂವಲ್ಲ. ಒಳಗಿನಿಂದ ಅತ್ತೆ ಈರವ್ವ, ಹೂಂ ಅನ್ನ ಶರಣಿ, ದೇವರ ಬಂದಂಗ ಬಂದಾರ. ಹೂಂ ಅಂದರೆ ಮನೆ ಉಳಿಯುತ್ತದೆ, ಎರಡು ಹೊಟ್ಟೆ, ಒಂದೇ ಅಕ್ಷರ, ಇನ್ನೊಮ್ಮೆ ಚಹಾ ಬಸಿದಷ್ಟೇ — ಅಣ್ಣಾರ, ನಿಮ್ಮ ವಲ್ಲಿ, ಹೋದ ವಾರದ ಹತ್ತಿ ಇದರ ಕೆಳಗ ಹೋತು, ಗೂಟದಿಂದ ತೆಗೆದು ತಂದಳು, ಒಗೆದಿಲ್ಲ, ಆತ ಕೈ ಚಾಚಿದ, ಬಟ್ಟೆ ಆತನ ಮುಂಗೈ ಮೇಲೆ ಇಳಿಬಿತ್ತು, ಅದರ ಕೆಳಗೆ ಅವಳ ಕೈ ಹೋಗಿ ಆತನ ಬೆರಳು ಹಿಡಿದಿತ್ತು, ಮೊದಲು ನಾಲ್ಕು ಬೆರಳು, ಬಿಟ್ಟು — ಆತನ ಬಾಯಿ ಅರ್ಧ ತೆರೆದಿತ್ತು, ನೀಲಿ ಅಂಚು ಅಲುಗಿತು — ಆಮೇಲೆ ಐದೂ.