ಎಡಗೈಗೊಂದು ಚೀಲ

ನಮ್ಮಮ್ಮ ಬಟ್ಟೆ ಹೊಲಿಯುವವಳು. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಕೂತಲ್ಲೆಲ್ಲ ಚೂರುಬಟ್ಟೆ, ಕಾಲಿಟ್ಟಲ್ಲೆಲ್ಲ ಸೂಜಿ. ಅಣ್ಣ, ಅತ್ತಿಗೆ ಹೊರದೇಶದ ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಬಂದ ಮೇಲೆ ಆ ಕೋಣೆಗೆ ಜೀವ ಬಂತು. ಏಳು ವರ್ಷದ ಮೊಮ್ಮಗಳು ದುಂಡುದುಂಡಗಿದ್ದಳೆಂದು ಅಮ್ಮ ಅವಳನ್ನು ಗುಂಡಿ ಎಂದು ಕರೆದಳು. ಅಂಗಿಗೆ ಹಚ್ಚುವ ಗುಂಡಿ ಕಣೇ, ಜನ ಬೀಳುವ ಗುಂಡಿಯಲ್ಲ ಎಂದು ಸಮಜಾಯಿಷಿ ಬೇರೆ.

ಗುಂಡಿಯದು ಅರಳು ಹುರಿದಂಥ ಮಾತು. "ಅಲ್ಲಿ ನಮ್ ಕ್ಲಾಸಲ್ಲಿ ಎರಡು ಥರ ಕತ್ತರಿ ಇತ್ತು ಅಜ್ಜಿ. ಬಲಗೈಯವರಿಗೆ ಒಂದು, ನನ್ನಂಥೋರಿಗೆ ಒಂದು. ಟೀಚರ್ ನಮ್ ಜೊತೆ ನೆಲದ ಮೇಲೇ ಕೂತ್ಕೊಳ್ಳೋರು."

"ಸ್ಕೂಲಿಂದ ಬಂದ್ಮೇಲೆ?"

"ಪಕ್ಕದ ಮನೇಲಿ ಕೂತಿರ್ತಿದ್ದೆ. ಅವರು ಮಾತೇ ಆಡ್ತಿರ್ಲಿಲ್ಲ."

ಅಮ್ಮನ ಕಣ್ಣು ತುಂಬಿ ಬರುತ್ತಿತ್ತು. ಸುಳ್ಳೇಕೆ ಹೇಳಲಿ, ಅಲ್ಲಿ ಶಾಲೆ ಚೆನ್ನಾಗಿತ್ತು, ಇಲ್ಲಿ ಅಜ್ಜಿಯ ಮಡಿಲಿತ್ತು. ಎರಡೂ ಒಟ್ಟಿಗೆ ಸಿಕ್ಕಿದ್ದರೆ ಮಗು ಸುಖವಾಗಿರುತ್ತಿತ್ತು.

ಇಲ್ಲಿನ ಶಾಲೆಗೆ ಸೇರಿದ ವಾರದಲ್ಲೇ, ಗುಂಡಿ ಎಡಗೈಯಲ್ಲಿ ಬರೆಯುವುದನ್ನು ಬಿಡಿಸಿ ಎಂದು ಮೇಷ್ಟ್ರು ಹೇಳಿ ಕಳಿಸಿದರು. ಅಮ್ಮನಿಗೂ ಅದೇ ಬೇಕಿತ್ತು. ಉಳಿದ ಮಖಮಲ್ಲಿನಲ್ಲಿ ಪುಟ್ಟ ಚೀಲ ಹೊಲಿದು, ಅದರ ಮೇಲೊಂದು ಹೂವು ಕಸೂತಿ ಹಾಕಿ, ಮೊಮ್ಮಗಳ ಎಡಗೈಗೆ ತೊಡಿಸಿ ದಾರ ಬಿಗಿದಳು. ಚುಚ್ಚದಿರಲೆಂದು ಅಂಚನ್ನು ಎರಡೆರಡು ಸಲ ಮಡಚಿದ್ದಳು. ಹಿಂಸೆಗೂ ಇಷ್ಟು ಪ್ರೀತಿಯಿಂದ ಹೊಲಿಗೆ ಹಾಕುವವರಿದ್ದಾರೆ!

"ಕೈಚೀಲ!" ಎಂದು ಗುಂಡಿ ನಕ್ಕಳು. ನಕ್ಕಿದ್ದು ಅದೊಂದೇ ದಿನ.

"ಅತ್ತೆ, ಅವಳಿಗೆ ಮೊದಲಿಂದ ಆ ಕೈಯೇ ರೂಢಿ. ಬಿಟ್ಬಿಡಿ," ಎಂದಳು ಅತ್ತಿಗೆ.

"ಎಡವಟ್ಟು ಅಂತಾರೆ. ಬಲವಟ್ಟು ಅಂತ ಯಾರಾದ್ರೂ ಅಂದಿದ್ದು ಕೇಳಿದ್ದೀಯಾ? ಮಾತಲ್ಲೇ ಇದೆ ಕಣಮ್ಮ."

"ಆ ಮಾತು ಕಟ್ಟಿದವರೆಲ್ಲ ಬಲಗೈಯವರೇ ಇರ್ಬೇಕು," ಎಂದೆ ನಾನು.

"ನೀನು ಸುಮ್ನಿರು. ನಾಳೆ ನಾಲ್ಕು ಜನ ನಗ್ತಾರೆ. ತಿದ್ದೋಕೆ ನಾನಿಲ್ದೆ ಇನ್ಯಾರಿದ್ದಾರೆ?"

ಅಣ್ಣ ಪೇಪರಿನಲ್ಲಿ ಮುಖ ಹುದುಗಿಸಿದ. ಅಮ್ಮನೆದುರು ಅವನದು ಯಾವತ್ತೂ ಅಷ್ಟೇ.

ಗುಂಡಿ ಚಿತ್ರ ಬರೆಯುವುದನ್ನು ಬಿಟ್ಟಳು. ಬಲಗೈ ಅಕ್ಷರಗಳು ಗೆರೆ ಬಿಟ್ಟು ಎತ್ತಲೋ ಹೋದವು, ಮೇಷ್ಟ್ರು ಬೈದರು. ಆಮೇಲೆ ಮಾತೂ ತಡೆಯತೊಡಗಿತು. "ಅ... ಅ... ಅಜ್ಜಿ" ಎಂದು ತಡವರಿಸಿ, ಹೇಳಬೇಕೆಂದದ್ದನ್ನು ನುಂಗಿಕೊಂಡು ಸುಮ್ಮನಾಗುತ್ತಿದ್ದಳು. ಅಮ್ಮ ಜೇನುತುಪ್ಪ ನೆಕ್ಕಿಸಿದಳು, ಮುದ್ದು ಮಾಡಿದಳು. ಚೀಲ ಮಾತ್ರ ಬಿಚ್ಚಲಿಲ್ಲ.

ಒಂದು ಮಧ್ಯಾಹ್ನ ಚೀಲ ಒಗೆದು ಒಣಗಲು ಹಾಕಿದ್ದೆವು. ನಾನೂ ಅಮ್ಮನೂ ಅಂಗಿಯೊಂದಕ್ಕೆ ಕಾಜಾ ಹೊಲಿಯುತ್ತಿದ್ದೆವು. ಒಳಕೋಣೆಯಿಂದ ಗುಂಡಿಯ ಮಾತು ಕೇಳಿಸಿತು, ಎಲ್ಲೂ ತಡೆಯದ ಸಲೀಸಾದ ಮಾತು. ಅಮ್ಮ ಸಂತೋಷದಿಂದ ಎದ್ದು ಓಡಿದಳು. ನಾನೂ ಹಿಂದೆಯೇ ಹೋದೆ.

ಗುಂಡಿ ಎಡಗೈಯನ್ನು ನೆಲದ ಮೇಲೆ ಚಾಚಿಟ್ಟು, ಬಲಗೈಯಲ್ಲಿ ಮರದ ಸ್ಕೇಲು ಹಿಡಿದು ಅದಕ್ಕೆ ಹೊಡೆಯುತ್ತಿದ್ದಳು. "ಎಡವಟ್ಟು! ನಿನ್ನಿಂದ ನಾಲ್ಕು ಜನ ನಗ್ತಾರೆ. ತಿದ್ದೋಕೆ ನಾನಿಲ್ದೆ ಇನ್ಯಾರಿದ್ದಾರೆ?"

ಅಮ್ಮನದೇ ಮಾತು, ಅಮ್ಮನದೇ ಧಾಟಿ. ಬೆರಳ ಗಂಟುಗಳು ಕೆಂಪಗೆ ಊದಿಕೊಂಡಿದ್ದವು.

ಅಮ್ಮ ಕುಸಿದು ಕೂತು ಆ ಕೈಯನ್ನು ಎದೆಗೊತ್ತಿಕೊಂಡಳು. "ಬೇಡ ಕಂದಾ, ಹೊಡೀಬೇಡ. ಅದೇನು ತಪ್ಪು ಮಾಡಿದೆ?"

"ನೀ... ನೀನೇ ಹೇಳಿದ್ದಲ್ವಾ ಅಜ್ಜಿ?"

ಅಮ್ಮ ಬಹಳ ಹೊತ್ತು ಅತ್ತಳು. ಮರುದಿನ ಹೊಲಿಗೆ ಬಿಟ್ಟು, ಮೊಮ್ಮಗಳ ಕೈ ಹಿಡಿದು ಶಾಲೆಗೆ ಹೊರಟಳು. ಜೊತೆಗೆ ನಾನೂ ಹೋದೆ. ತರಗತಿಯಲ್ಲೇ ಅಮ್ಮ ಮೇಷ್ಟ್ರಿಗೆ ವಿಷಯ ಹೇಳಿದಳು.

"ಈಗ ತಿದ್ದದಿದ್ರೆ ಮುಂದೆ ಅವಳಿಗೇ ಕಷ್ಟ," ಎಂದರು ಮೇಷ್ಟ್ರು. "ಎಲ್ಲರೂ ಹೀಗೇ ಕಲಿತಿಲ್ವಾ?"

"ಮೇಷ್ಟ್ರೇ, ಅವಳಿಗೆ ಕಷ್ಟ ಕೊಟ್ಟಿದ್ದು ಈ ಕೈಯಲ್ಲ, ನಾನು. ನನ್ನ ಜೊತೆ ನೀವು. ಇನ್ಮೇಲೆ ಅವಳು ಇದರಲ್ಲೇ ಬರೀತಾಳೆ. ಯಾರಾದ್ರೂ ತಡೆದ್ರೆ ದಿನಾ ಬಂದು ಇದೇ ಬೆಂಚಲ್ಲಿ ಕೂರ್ತೀನಿ."

ಮಕ್ಕಳು ಕಿಸಕ್ಕನೆ ನಕ್ಕರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ. ಅಮ್ಮನನ್ನೇ ನೋಡುತ್ತಾ, ಪೆನ್ಸಿಲನ್ನು ಬಲಗೈಯಿಂದ ಮೆಲ್ಲಗೆ ಎಡಗೈಗೆ ದಾಟಿಸಿಕೊಂಡಳು. ಮೇಷ್ಟ್ರು ಅದನ್ನು ನೋಡಿದರು, ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣ ಎತ್ತಿಕೊಂಡರು.